ದೆಕಾರ್ತ್‌ಗೆ ಎಲಿಸಬೆತ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತಾ?

ಹಳೇಪೇಟೆ_ಓದುಗ

17ನೇ ಶತಮಾನದ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಅಂದ ತಕ್ಷಣ ಎಲ್ಲರ ಬಾಯಿಗೂ ಬರುವುದು ಒಂದೇ ಸಾಲು: ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ.’ ಟೀಶರ್ಟ್ ಮೇಲೂ ಬಂದುಬಿಟ್ಟಿದೆ. ಇರಲಿ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು 1643ರ ಮೇ ತಿಂಗಳಲ್ಲಿ ಅವನ ಕೈಗೆ ಬಂದ ಒಂದು ಕಾಗದ.

ಬರೆದವಳು ಎಲಿಸಬೆತ್. ಬೊಹೀಮಿಯಾದ (ಈಗಿನ ಜೆಕ್ ದೇಶದ ಭಾಗ) ರಾಜಕುಮಾರಿ ಅಂತ ಹೆಸರು, ಆದರೆ ರಾಜ್ಯ ಇರಲಿಲ್ಲ. ಅಪ್ಪ ಫ್ರೆಡ್ರಿಕ್ ಒಂದೇ ಒಂದು ಚಳಿಗಾಲ ಅಲ್ಲಿ ರಾಜನಾಗಿದ್ದ, 1620ರಲ್ಲಿ ಯುದ್ಧ ಸೋತ, ಆಮೇಲೆ ಮನೆಯವರು ಹಾಲೆಂಡಿನ ಹೇಗ್ ನಗರದಲ್ಲಿ ಆಶ್ರಯ ಪಡೆದು ಬದುಕಿದರು. ಕಾಗದ ಬರೆಯುವಾಗ ಆಕೆಗೆ 24 ವರ್ಷ. ದೆಕಾರ್ತ್‌ಗೆ 47, ಆಗಲೇ ಯುರೋಪಿನಲ್ಲೆಲ್ಲ ಹೆಸರು ಮಾಡಿದ್ದ.

ಗೊತ್ತಿಲ್ಲದವರಿಗೆ ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. 1641ರಲ್ಲಿ ದೆಕಾರ್ತ್‌ನ ‘ಮೆಡಿಟೇಷನ್ಸ್’ ಪುಸ್ತಕ ಬಂತು. ಅದರಲ್ಲಿ ಅವನು ಒಂದೊಂದನ್ನೇ ಅನುಮಾನಿಸುತ್ತಾ ಹೋಗುತ್ತಾನೆ. ಕಣ್ಣು ಕಿವಿ ಆಗಾಗ ಮೋಸ ಮಾಡುತ್ತವೆ. ಈಗ ಬೆಂಕಿ ಪಕ್ಕ ನಿಲುವಂಗಿ ಹಾಕಿಕೊಂಡು ಕೈಯಲ್ಲಿ ಕಾಗದ ಹಿಡಿದು ಕೂತಿದ್ದೇನೆ ಅನಿಸುತ್ತಿದೆ, ಆದರೆ ಕನಸಿನಲ್ಲೂ ಹಾಗೇ ಅನಿಸಿತ್ತಲ್ಲ? ಕೊನೆಗೆ, ಎರಡಕ್ಕೆ ಮೂರು ಕೂಡಿಸುವಾಗಲೂ ನನ್ನನ್ನು ದಾರಿ ತಪ್ಪಿಸುವಷ್ಟು ಶಕ್ತಿಯ ಒಂದು ದುಷ್ಟ ಶಕ್ತಿ ಇದ್ದರೆ? ಆಗಲೂ ಮೋಸ ಹೋಗುವುದಕ್ಕೆ ನಾನು ಇರಲೇಬೇಕು. ಅಲ್ಲಿ ಕಾಲೂರುತ್ತಾನೆ. ಆಮೇಲೆ ಅಲ್ಲಿಂದ ನಡೆದು ನಡೆದು, ಪುಸ್ತಕ ಮುಗಿಯುವಷ್ಟರಲ್ಲಿ ಲೋಕವನ್ನು ಎರಡು ಮಾಡಿಬಿಡುತ್ತಾನೆ. ದೇಹ ಜಾಗ ಹಿಡಿಯುತ್ತದೆ, ಯೋಚಿಸುವುದಿಲ್ಲ. ಮನಸ್ಸು ಯೋಚಿಸುತ್ತದೆ, ಜಾಗ ಹಿಡಿಯುವುದಿಲ್ಲ.

ಎಲಿಸಬೆತ್ ಕೇಳಿದ್ದು ಇಷ್ಟೇ. ಒಂದು ವಸ್ತು ಇನ್ನೊಂದನ್ನು ಸರಿಸಬೇಕಾದರೆ ತಳ್ಳಬೇಕು. ತಳ್ಳಬೇಕಾದರೆ ತಾಗಬೇಕು, ತಾಗಬೇಕಾದರೆ ಅದಕ್ಕೊಂದು ಮೈ ಇರಬೇಕು. ಮನಸ್ಸಿಗೆ ಮೈಯೇ ಇಲ್ಲ ಅಂತ ನೀವೇ ಹೇಳುತ್ತೀರಿ. ಹಾಗಾದರೆ ನಾನು ಕೈ ಎತ್ತಬೇಕು ಅಂದುಕೊಂಡಾಗ ಕೈ ಮೇಲೇಳುವುದು ಹೇಗೆ?

ಸುಮಾರು 380 ವರ್ಷ ಆಯಿತು. ನನ್ನ ಪ್ರಕಾರ ದೆಕಾರ್ತ್ ಇದಕ್ಕೆ ಉತ್ತರ ಕೊಡಲಿಲ್ಲ, ಆದರೆ ಉತ್ತರ ಕೊಡಲಾಗದೆ ಅವನು ಬರೆದದ್ದು ಅವನ ಉತ್ತರಗಳಿಗಿಂತ ಪ್ರಾಮಾಣಿಕವಾಗಿದೆ. ನಿಮಗೇನನಿಸುತ್ತದೆ?

ಬೈಟು_ಕಾಫಿ

ಗುರು, ಇದರಲ್ಲಿ ಅಂಥ ಕಷ್ಟ ಏನಿದೆ? ಹಾರ್ಡ್‌ವೇರ್, ಸಾಫ್ಟ್‌ವೇರ್ ಅಂದುಕೊಂಡರೆ ಮುಗೀತು. ಸಾಫ್ಟ್‌ವೇರ್‌ಗೂ ತೂಕ ಇಲ್ಲ, ಆಕಾರ ಇಲ್ಲ, ಆದರೂ ಪ್ರಿಂಟರ್‌ನಿಂದ ಹಾಳೆ ಹೊರಗೆ ಬರುತ್ತೆ. ಪಾಪ, ಅವನ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ.

ಲೆಕ್ಕದ_ಮೇಷ್ಟ್ರು

ಅದು ದೆಕಾರ್ತ್‌ಗೆ ಸಹಾಯ ಮಾಡುವುದಿಲ್ಲ, ಎಲಿಸಬೆತ್‌ಗೆ ಮಾಡುತ್ತದೆ. ನಿಮ್ಮ ಸಾಫ್ಟ್‌ವೇರ್ ಪ್ರಿಂಟರ್ ಓಡಿಸುವಾಗ ಅದು ಚಿಪ್ಪಿನೊಳಗೆ ಎಲ್ಲೋ ಒಂದು ಕಡೆ ವಿದ್ಯುತ್ತಿನ ಸ್ಥಿತಿಯಾಗಿ ಕೂತಿರುತ್ತದೆ. ಜಾಗ ಇದೆ. ಚಿಪ್ ಸುಟ್ಟರೆ ಆ ಪ್ರತಿಯೂ ಹೋಯಿತು. ದೆಕಾರ್ತ್ ಹೇಳುವ ಮನಸ್ಸು ಹಾಗಲ್ಲ, ದೇಹ ಪೂರ್ತಿ ಇಲ್ಲದೇ ಹೋದರೂ ಅದು ಇರಬಲ್ಲದು. ಎಲ್ಲೂ ಕೂತಿಲ್ಲದ ಸಾಫ್ಟ್‌ವೇರ್ ಯಾವ ಪ್ರಿಂಟರನ್ನೂ ಓಡಿಸಲ್ಲ ಅಲ್ವಾ? ಆಕೆಯ ಪ್ರಶ್ನೆಯೂ ಅದೇ.

ರಾತ್ರಿಪಾಳಿ

ನನಗೆ ಮೊದಲ ಭಾಗ ಸಾಕು. ಯಾರನ್ನೂ ನಂಬಬೇಡ, ಎಲ್ಲವನ್ನೂ ಪ್ರಶ್ನಿಸು. ಮೇಷ್ಟ್ರು ಹೇಳಿದ್ದು, ಡಾಕ್ಟರ್ ಹೇಳಿದ್ದು, ಟಿವಿಯಲ್ಲಿ ಬಂದದ್ದು, ಎಲ್ಲವನ್ನೂ. ದೆಕಾರ್ತ್ ಇವತ್ತು ಇದ್ದಿದ್ದರೆ ಅದನ್ನೇ ಹೇಳುತ್ತಿದ್ದ.

ಹಳೇಪೇಟೆ_ಓದುಗ

ಖಂಡಿತ ಹೇಳುತ್ತಿರಲಿಲ್ಲ. ಅವನ ಅನುಮಾನ ದಿನಾ ಮಾಡುವ ಕೆಲಸ ಅಲ್ಲ. ಬದುಕಿನಲ್ಲಿ ಒಂದು ಸಲ ಮಾಡಿ ಮುಗಿಸಬೇಕಾದ್ದು ಅಂತ ‘ಮೆಡಿಟೇಷನ್ಸ್’ ಶುರುವಿನಲ್ಲೇ ಬರೆದಿದ್ದಾನೆ. ಬೂರ್ದಾಂ ಎಂಬ ಜೆಸ್ಯುಯಿಟ್ ಪಾದ್ರಿ ಇದನ್ನೇ ಎತ್ತಿಕೊಂಡು ಕಿಚಾಯಿಸಿದಾಗ ದೆಕಾರ್ತ್ ಸೇಬಿನ ಬುಟ್ಟಿಯ ಮಾತು ಹೇಳಿದ. ಬುಟ್ಟಿಯಲ್ಲಿ ಕೆಲವು ಸೇಬು ಕೊಳೆತಿವೆ ಅನ್ನುವ ಅನುಮಾನ ಬಂದರೆ ಏನು ಮಾಡುತ್ತೀರಿ? ಎಲ್ಲವನ್ನೂ ಕೆಳಗೆ ಸುರಿದು, ಒಂದೊಂದೇ ನೋಡಿ, ಚೆನ್ನಾಗಿರುವುದನ್ನು ವಾಪಸ್ ಹಾಕುತ್ತೀರಿ. ವಾಪಸ್ ಹಾಕುವುದನ್ನು ಮರೆತರೆ ನೆಲದ ಮೇಲೆ ಸೇಬು ಹರಡಿಕೊಂಡು ಕೂತಿರಬೇಕು, ಅಷ್ಟೇ.

ಇನ್ನೊಂದು. 1637ರ ‘ಡಿಸ್ಕೋರ್ಸ್’ ಪುಸ್ತಕದಲ್ಲಿ ಅವನು ಹೇಳುವುದು ಕೇಳಿ. ಮನೆ ಕೆಡವಿ ಹೊಸದಾಗಿ ಕಟ್ಟಿಸುವವನಿಗೆ ಅಲ್ಲಿಯವರೆಗೆ ಇರುವುದಕ್ಕೆ ಇನ್ನೊಂದು ಮನೆ ಬೇಕು. ಹಾಗಾಗಿ ಅನುಮಾನ ಮುಗಿಯುವ ತನಕ ದೇಶದ ಕಾನೂನು, ಪದ್ಧತಿ ಪಾಲಿಸುತ್ತೇನೆ, ಒಮ್ಮೆ ಹಿಡಿದ ದಾರಿ ಸುಮ್ಮನೆ ಬದಲಾಯಿಸುವುದಿಲ್ಲ ಅಂತ ನಿಯಮ ಹಾಕಿಕೊಂಡ. ಡಾಕ್ಟರ್ ಮಾತ್ರೆ ಬರೆದುಕೊಟ್ಟಾಗ ದುಷ್ಟ ಶಕ್ತಿಯನ್ನು ನೆನೆಸಿಕೊಳ್ಳಿ ಅಂತ ಅವನು ಎಲ್ಲೂ ಹೇಳಿಲ್ಲ.

ಕಡಲತೀರ

ನನಗೊಂದು ಸಂಶಯ ಉಂಟು ಮಾರಾಯ್ರೆ. ಬುದ್ಧಿಯಿಂದಲೇ ಎಲ್ಲ ಅಳೆಯುತ್ತೇನೆ ಅಂತ ಹೊರಟವನು ಮೂರನೇ ಅಧ್ಯಾಯಕ್ಕೇ ದೇವರನ್ನು ಸಾಕ್ಷಿಗೆ ಕರೆಯುತ್ತಾನಲ್ಲ? ಅಷ್ಟೆಲ್ಲ ಅನುಮಾನಿಸಿದ್ದು ಸುಮ್ನೆ ನಾಟಕವಾ?

ಮತ್ತೆ, ‘ನಾನು ಇಲ್ಲ’ ಅಂತ ಯಾರಿಗೂ ಅನಿಸುವುದಿಲ್ಲ ಅಂತ ಶಂಕರರು ಬ್ರಹ್ಮಸೂತ್ರ ಭಾಷ್ಯದ ಶುರುವಿನಲ್ಲೇ ಹೇಳಿ ಆಗಿದೆ. ಅದು ದೆಕಾರ್ತ್‌ಗಿಂತ ಎಷ್ಟೋ ಹಿಂದೆ.

ಹಳೇಪೇಟೆ_ಓದುಗ

ಎರಡನೆಯದು ಮೊದಲು. ಶಂಕರರ ಮಾತು ನಿಜ. ಆದರೆ ಗೆರೆ ಎಳೆದ ಜಾಗ ಬೇರೆ. ದೆಕಾರ್ತ್ ‘ನಾನು ಏನು’ ಅಂತ ಕೇಳಿಕೊಂಡು, ಅನುಮಾನಿಸುವ, ಒಪ್ಪುವ, ಬೇಡ ಅನ್ನುವ, ಬಯಸುವ ವಸ್ತು ಅಂತ ಪಟ್ಟಿ ಕೊಡುತ್ತಾನೆ. ಅದ್ವೈತದಲ್ಲಿ ಈ ಪಟ್ಟಿಯೆಲ್ಲ ಅಂತಃಕರಣಕ್ಕೆ, ಅಂದರೆ ಮನಸ್ಸು ಬುದ್ಧಿಗಳ ಒಳಸಾಧನಕ್ಕೆ, ಸೇರುತ್ತದೆ, ಅದು ನೋಡುವವನ ಕಡೆ ಇಲ್ಲ, ನೋಡಲ್ಪಡುವ ಕಡೆ ಇದೆ. ಸಾಂಖ್ಯರಲ್ಲೂ ಬುದ್ಧಿ, ಮನಸ್ಸು ಪ್ರಕೃತಿಯ, ಅಂದರೆ ಜಡದ, ಬಾಬತ್ತು. ಅಲ್ಲಿ ಮನಸ್ಸು ಕೈ ಎತ್ತಿಸುವುದು ಅಂಥ ತಲೆನೋವೇ ಅಲ್ಲ, ಅವರ ತಲೆನೋವು ಇನ್ನೊಂದು ಕಡೆ ಇದೆ. ಅದಕ್ಕೆ ಬೇರೆ ಥ್ರೆಡ್ ಬೇಕು, ಇಲ್ಲಿ ಎಳೆದರೆ ಎಲಿಸಬೆತ್ ಪಕ್ಕಕ್ಕೆ ಹೋಗುತ್ತಾಳೆ.

ದೇವರ ವಿಷಯಕ್ಕೆ ಬಂದರೆ, ನಾಟಕ ಅನಿಸುವುದಿಲ್ಲ, ಆದರೆ ಬಿರುಕು ಅಲ್ಲೇ ಇದೆ. ಸ್ಪಷ್ಟವಾಗಿ ಕಂಡದ್ದೆಲ್ಲ ನಿಜ ಅನ್ನುವುದಕ್ಕೆ ದೇವರು ಜಾಮೀನು. ದೇವರಿದ್ದಾನೆ ಅನ್ನುವುದಕ್ಕೆ? ಅದು ನನಗೆ ಸ್ಪಷ್ಟವಾಗಿ ಕಾಣುತ್ತಿದೆ ಅನ್ನುವುದೇ ಆಧಾರ. ಈ ಸುತ್ತನ್ನು ಆಗಲೇ ಹಿಡಿದು ತೋರಿಸಿದವನು ಫ್ರಾನ್ಸಿನ ದೇವತಾಶಾಸ್ತ್ರಜ್ಞ ಆಂತ್ವಾನ್ ಆರ್ನೋ. ಮೇಷ್ಟ್ರಿಗೆ ಆರ್ನೋ ಅಂದರೆ ಪ್ರೀತಿ, ಅವರೇ ಬರೆಯಲಿ.

ಆದರೆ ಕಣ್ಣು ಕಿವಿಗಿಂತ ಬುದ್ಧಿಯನ್ನೇ ಯಾಕೆ ನಂಬಿದ ಅನ್ನುವುದಕ್ಕೆ ಅವನ ಮೇಣದ ತುಂಡು ನೋಡಬೇಕು. ಆಗತಾನೆ ಜೇನುಹುಟ್ಟಿನಿಂದ ತೆಗೆದ ಮೇಣ. ಇನ್ನೂ ಜೇನಿನ ರುಚಿ ಇದೆ, ಹೂವಿನ ವಾಸನೆ ಇದೆ. ಗಟ್ಟಿ, ತಣ್ಣಗೆ, ಬೆರಳಿಂದ ಬಡಿದರೆ ಸದ್ದು ಮಾಡುತ್ತದೆ. ಬೆಂಕಿ ಹತ್ತಿರ ತರುತ್ತಾನೆ. ರುಚಿ ಹೋಯಿತು, ವಾಸನೆ ಹಾರಿತು, ಬಣ್ಣ ಬದಲಾಯಿತು, ಕರಗಿ ನೀರಾಯಿತು, ಮುಟ್ಟಿದರೆ ಸುಡುತ್ತದೆ, ಬಡಿದರೆ ಸದ್ದಿಲ್ಲ. ಪಂಚೇಂದ್ರಿಯಕ್ಕೆ ಸಿಕ್ಕಿದ್ದೆಲ್ಲ ಬದಲಾಯಿತು. ಆದರೂ ‘ಅದೇ ಮೇಣ’ ಅನ್ನುತ್ತೇವೆ. ಯಾವ ಇಂದ್ರಿಯ ಹೇಳಿತು ಅದೇ ಅಂತ? ಯಾವುದೂ ಇಲ್ಲ, ಬುದ್ಧಿಯ ತೀರ್ಮಾನ ಅದು ಅಂತಾನೆ. ಮೂರು ಪ್ಯಾರಾದಷ್ಟು ಬರಹ, ಆದರೆ ಓದಿದ ಮೇಲೆ ಅಡುಗೆಮನೆಯಲ್ಲಿ ತುಪ್ಪ ಕಾಯಿಸುವಾಗಲೂ ನೆನಪಾಗುತ್ತೆ.

ಲೆಕ್ಕದ_ಮೇಷ್ಟ್ರು

ಕರೆದಿದ್ದೀರಿ, ಬಂದೆ. ಸ್ವಲ್ಪ ಉದ್ದ ಆಗಬಹುದು.

ನನ್ನ ತಕರಾರು ಎಲಿಸಬೆತ್‌ಗಿಂತ ಒಂದು ಹೆಜ್ಜೆ ಹಿಂದಿನದು. ಮನಸ್ಸು ಮತ್ತು ದೇಹ ಹೇಗೆ ಸೇರುತ್ತವೆ ಅಂತ ಆಮೇಲೆ ಕೇಳೋಣ. ಅವೆರಡೂ ಬೇರೆ ಅಂತ ಮೊದಲು ಹೇಳಿದವರು ಯಾರು? ಜನ ಸಾಮಾನ್ಯವಾಗಿ ದೆಕಾರ್ತ್ ಬಾಯಲ್ಲಿ ಇಡುವ ವಾದ ಹೀಗಿದೆ: ನನ್ನ ದೇಹ ಇದೆಯೋ ಇಲ್ಲವೋ ಅಂತ ಅನುಮಾನಿಸಬಲ್ಲೆ. ನಾನು ಇದ್ದೇನೋ ಇಲ್ಲವೋ ಅಂತ ಅನುಮಾನಿಸಲಾರೆ. ಆದ್ದರಿಂದ ನಾನು ದೇಹ ಅಲ್ಲ.

‘ಮೆಡಿಟೇಷನ್ಸ್’ ಅಚ್ಚಾಗುವ ಮೊದಲೇ ಮೆರ್ಸೆನ್ ಎಂಬ ಸನ್ಯಾಸಿ ಅದರ ಹಸ್ತಪ್ರತಿಯನ್ನು ಹಲವರಿಗೆ ಓದಿಸಿ ಆಕ್ಷೇಪಣೆ ಬರೆಸಿದ. ಹಾಬ್ಸ್, ಗಾಸೆಂದಿಯಂಥ ಆ ಕಾಲದ ತತ್ವಜ್ಞಾನಿಗಳೆಲ್ಲ ಬರೆದರು. ಆಕ್ಷೇಪಣೆ, ಅದಕ್ಕೆ ದೆಕಾರ್ತ್ ಉತ್ತರ, ಎಲ್ಲವೂ ಮೂಲದ ಜೊತೆಗೇ ಒಂದೇ ಪುಸ್ತಕವಾಗಿ ಬಂತು. ಇಂಥ ಧೈರ್ಯ ಇವತ್ತು ಎಷ್ಟು ಲೇಖಕರಿಗಿದೆ? ಆ ಪೈಕಿ ನಾಲ್ಕನೆಯದು ಆರ್ನೋನದು. ಆಗ ಅವನಿಗೆ 29.

ಅವನು ತ್ರಿಕೋನ ತೆಗೆದುಕೊಂಡ. ಅರ್ಧವೃತ್ತದೊಳಗೆ ಒಂದು ತ್ರಿಕೋನ ಬರೆಯಿರಿ, ವ್ಯಾಸವೇ ಅದರ ಒಂದು ಬಾಹು. ಎದುರಿನ ಕೋನ ಲಂಬಕೋನ, ಇದು ಹತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಈಗ ಒಬ್ಬ ಹುಡುಗನಿಗೆ ಇದು ಲಂಬಕೋನ ತ್ರಿಕೋನ ಅನ್ನುವುದು ಖಚಿತವಾಗಿ ಗೊತ್ತಿದೆ, ಆದರೆ ಪೈಥಾಗೊರಸ್ ಪ್ರಮೇಯ ಗೊತ್ತಿಲ್ಲ ಅಂದುಕೊಳ್ಳಿ. ವಿಕರ್ಣದ ವರ್ಗ ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ ಅಂದರೆ ಅವನು ಅನುಮಾನಿಸುತ್ತಾನೆ. ಈಗ ಅವನೂ ದೆಕಾರ್ತ್ ಥರ ಹೇಳಬಹುದಲ್ಲ? ‘ಇದು ಲಂಬಕೋನ ತ್ರಿಕೋನ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ವರ್ಗಗಳ ಲೆಕ್ಕದಲ್ಲಿ ಅನುಮಾನ ಇದೆ. ಆದ್ದರಿಂದ ವರ್ಗಗಳ ಲೆಕ್ಕ ಈ ತ್ರಿಕೋನದ ಸ್ವಭಾವಕ್ಕೆ ಸೇರಿದ್ದಲ್ಲ.’ ತಪ್ಪು. ಸೇರಿದ್ದೇ. ಅವನಿಗೆ ಗೊತ್ತಿಲ್ಲ ಅಷ್ಟೇ.

ನನಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವುದರಿಂದ ವಸ್ತು ಹೇಗಿದೆ ಅಂತ ಹೇಳಲಾಗುವುದಿಲ್ಲ. ಯೋಚಿಸುವ ‘ನಾನು’ ಕೂಡ ಮಿದುಳೇ ಆಗಿರಬಹುದು, ನನಗೆ ಆ ಪ್ರಮೇಯ ಇನ್ನೂ ತಿಳಿದಿಲ್ಲದೇ ಇರಬಹುದು.

ಧಾರವಾಡ_ಪೇಡೆ

ಮೇಷ್ಟ್ರೇ, ವಾದ ಛಲೋ ಅದ. ಆದರ ದೆಕಾರ್ತ್‌ಗೆ ಸ್ವಲ್ಪ ಅನ್ಯಾಯ ಮಾಡೀರಿ. ಎರಡನೇ ಅಧ್ಯಾಯದಲ್ಲೇ ಅವನು ಹೇಳುತ್ತಾನೆ ನೋಡ್ರಿ: ನನಗೆ ಗೊತ್ತಿಲ್ಲದ ಈ ದೇಹವೇ ಆ ‘ನಾನು’ ಆಗಿರಬಹುದಲ್ಲ, ಅದನ್ನು ಈಗ ತೀರ್ಮಾನಿಸುವುದಿಲ್ಲ ಅಂತ. ಬೇರೆ ಅನ್ನುವ ತೀರ್ಮಾನ ಬರುವುದು ಆರನೇ ಅಧ್ಯಾಯಕ್ಕೆ. ಆರ್ನೋಗೂ ಉತ್ತರ ಕೊಟ್ಟಾನ. ತ್ರಿಕೋನದ ಆ ಗುಣ ತಾನಾಗಿಯೇ ನಿಲ್ಲುವ ವಸ್ತು ಅಲ್ಲ. ಮನಸ್ಸನ್ನಾದರೆ ದೇಹದ ಯಾವ ಗುಣವನ್ನೂ ಸೇರಿಸದೆ ಪೂರ್ತಿ ವಸ್ತುವಾಗಿ ಅರ್ಥ ಮಾಡಿಕೊಳ್ಳಬಹುದು ಅಂತ.

ಲೆಕ್ಕದ_ಮೇಷ್ಟ್ರು

ಉತ್ತರ ಓದಿದ್ದೇನೆ. ‘ಪೂರ್ತಿ’ ಅಂತ ಅವನಿಗೆ ಅನಿಸಿದೆ. ಹುಡುಗನಿಗೂ ತ್ರಿಕೋನ ಪೂರ್ತಿ ಗೊತ್ತು ಅಂತಲೇ ಅನಿಸಿತ್ತು.

ಫಿಸಿಯೋ_ಅಕ್ಕ

ನಾನು ತತ್ವಶಾಸ್ತ್ರ ಓದಿದವಳಲ್ಲ, ಫಿಸಿಯೋಥೆರಪಿ ನನ್ನ ಕೆಲಸ. ಆದರೆ ನೀವು ಹೇಳುವ ಈ ದೆಕಾರ್ತ್ ನಮ್ಮ ವಾರ್ಡಿಗೆ ತುಂಬಾ ಹತ್ತಿರದವನು.

ಕಾಲು ತೆಗೆದ ಮೇಲೆ ಎಷ್ಟೋ ಜನ ಬಂದು ‘ಮೇಡಂ, ಹೆಬ್ಬೆರಳು ಉರೀತಿದೆ’ ಅಂತಾರೆ. ಹೆಬ್ಬೆರಳೇ ಇಲ್ಲ. ಮನೆಯವರು ಇವರಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಕೆಲವರು ಬೈಯ್ಯುವುದೂ ಉಂಟು. ನೋವು ನಿಜ ಅಂತ ಅವರನ್ನು ಒಪ್ಪಿಸುವುದೇ ನಮ್ಮ ಅರ್ಧ ಕೆಲಸ.

ದೆಕಾರ್ತ್ 1644ರ ‘ಪ್ರಿನ್ಸಿಪಲ್ಸ್’ ಪುಸ್ತಕದಲ್ಲಿ ಇಂಥದೇ ಒಂದು ಹುಡುಗಿಯ ವಿಷಯ ಬರೆದಿದ್ದಾನೆ. ಕೈ ಕೊಳೆತು ಮೊಣಕೈವರೆಗೆ ತೆಗೆಯಬೇಕಾಯಿತು. ಶಸ್ತ್ರವೈದ್ಯ ಬಂದಾಗಲೆಲ್ಲ ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ಕೈ ಇದ್ದ ಜಾಗದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರಿಂದ ಕೈ ಹೋಗಿದ್ದೇ ಅವಳಿಗೆ ಕೆಲವು ದಿನ ಗೊತ್ತಾಗಲಿಲ್ಲ. ಅಷ್ಟು ದಿನವೂ ಒಮ್ಮೆ ಈ ಬೆರಳು ನೋವು, ಒಮ್ಮೆ ಆ ಬೆರಳು ನೋವು ಅಂತಿದ್ದಳಂತೆ. ಬೆರಳಿಗೆ ಹೋಗುತ್ತಿದ್ದ ನರ ಈಗ ಮೊಣಕೈಯಲ್ಲೇ ನಿಂತಿದೆ, ಅಲ್ಲಿ ಅಲುಗಿದರೂ ಮಿದುಳಿಗೆ ಬೆರಳಿನ ಸುದ್ದಿಯಾಗಿಯೇ ಮುಟ್ಟುತ್ತದೆ ಅಂತ ಅವನ ವಿವರಣೆ. 1644ರಲ್ಲಿ! ಇವತ್ತಿನ ವಿವರಣೆ ಇನ್ನೂ ಮುಂದೆ ಹೋಗಿದೆ. ಮಿದುಳಿನಲ್ಲಿರುವ ದೇಹದ ನಕ್ಷೆಯೇ ಬದಲಾಗುತ್ತದೆ ಅಂತಾರೆ. 1990ರ ದಶಕದಲ್ಲಿ ವಿ.ಎಸ್. ರಾಮಚಂದ್ರನ್ ಕನ್ನಡಿಯ ಪೆಟ್ಟಿಗೆ ಇಟ್ಟು, ಇರುವ ಕೈಯ ಪ್ರತಿಬಿಂಬವನ್ನೇ ಹೋದ ಕೈ ಅನ್ನುವ ಹಾಗೆ ತೋರಿಸಿ ಕೆಲವರ ನೋವು ಕಡಿಮೆ ಮಾಡಿದರು. ನಾವೂ ಅದನ್ನು ಬಳಸುತ್ತೇವೆ. ಕೆಲವರಿಗೆ ಆಗುತ್ತೆ, ಕೆಲವರಿಗೆ ಆಗಲ್ಲ.

ನನ್ನ ಪ್ರಶ್ನೆ ಇದು. ನರ, ಮಿದುಳು ಅಂತ ಇಷ್ಟು ಚೆನ್ನಾಗಿ ನೋಡಿದವನು ಕೊನೆಗೆ ಹೋಗಿ ಪೀನಿಯಲ್ ಗ್ರಂಥಿಯಲ್ಲಿ ಆತ್ಮ ಕೂತಿದೆ ಅಂದಿದ್ದು ಯಾಕೆ? ಅದು ಮೆಲಟೋನಿನ್ ಸ್ರವಿಸುವ ಪುಟ್ಟ ಗ್ರಂಥಿ, ನಿದ್ದೆಗೆ ಸಂಬಂಧಪಟ್ಟದ್ದು.

ಹಳೇಪೇಟೆ_ಓದುಗ

ಅಕ್ಕ, ಬಹಳ ಚೆನ್ನಾಗಿ ಬರೆದಿದ್ದೀರಿ. ಪೀನಿಯಲ್‌ಗೆ ಅವನ ಕಾರಣ ಕೇಳಿದರೆ ಅಷ್ಟೇನೂ ದಡ್ಡತನ ಅನಿಸಲ್ಲ. ಕಣ್ಣು ಎರಡು, ಕಿವಿ ಎರಡು, ಮಿದುಳಿನ ಭಾಗಗಳೂ ಜೋಡಿ ಜೋಡಿ. ಆದರೆ ನಮಗೆ ಕಾಣುವುದು ಒಂದೇ ಮರ, ಕೇಳುವುದು ಒಂದೇ ದನಿ. ಹಾಗಾದರೆ ಎರಡೂ ಎಲ್ಲೋ ಒಂದಾಗಬೇಕು, ಅದಕ್ಕೆ ಜೋಡಿ ಇಲ್ಲದ ಭಾಗ ಬೇಕು ಅಂತ ಹುಡುಕಿದ. ಪೀನಿಯಲ್ ಸಿಕ್ಕಿತು. ಆದರೆ ಅದು ಅತ್ತಿತ್ತ ವಾಲಿ ನರದ ದ್ರವಗಳನ್ನು ತಿರುಗಿಸುತ್ತದೆ ಅಂದ ಕಥೆ ಬಹಳ ದಿನ ಉಳಿಯಲಿಲ್ಲ. ಡೆನ್ಮಾರ್ಕಿನ ಅಂಗರಚನಾ ತಜ್ಞ ಸ್ಟೆನೋ 1665ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಅದು ಹಾಗೆ ಅಲ್ಲಾಡಲು ಸಾಧ್ಯವೇ ಇಲ್ಲ ಅಂತ ಹೇಳಿಬಿಟ್ಟ.

ಅದಕ್ಕಿಂತ ದೊಡ್ಡ ವಿಷಯ, ಗ್ರಂಥಿಯ ಹೆಸರು ಹೇಳಿದರೆ ಎಲಿಸಬೆತ್ ಪ್ರಶ್ನೆ ಚಿಕ್ಕದಾಗುತ್ತದೆ, ಹೋಗುವುದಿಲ್ಲ. ಇಡೀ ದೇಹವನ್ನು ಹೇಗೆ ತಳ್ಳಿತು ಅನ್ನುವ ಬದಲು ಬಟಾಣಿಗಿಂತ ಚಿಕ್ಕ ಗ್ರಂಥಿಯನ್ನು ಹೇಗೆ ತಳ್ಳಿತು ಅಂತ ಕೇಳಬೇಕು, ಅಷ್ಟೇ ವ್ಯತ್ಯಾಸ.

ಬೈಟು_ಕಾಫಿ

ಸರಿ, ಅವನು ಆಕೆಗೆ ಏನಂತ ಉತ್ತರ ಬರೆದ? ಅದನ್ನೇ ಯಾರೂ ಹೇಳ್ತಿಲ್ಲ.

ಹಳೇಪೇಟೆ_ಓದುಗ

ಹೇಳ್ತೀನಿ. ಮೊದಲ ಉತ್ತರ ಮೇ 21ರದು. ನಾನು ಪ್ರಕಟಿಸಿದ್ದನ್ನು ಓದಿದವರು ಕೇಳಬಹುದಾದ ಅತ್ಯಂತ ನ್ಯಾಯವಾದ ಪ್ರಶ್ನೆ ಇದು ಅಂತ ಒಪ್ಪಿಕೊಳ್ಳುತ್ತಾನೆ. ಮನಸ್ಸು ದೇಹ ಬೇರೆ ಅಂತ ತೋರಿಸುವ ಭರದಲ್ಲಿ ಅವು ಹೇಗೆ ಸೇರಿವೆ ಅನ್ನುವುದರ ಬಗ್ಗೆ ಹೆಚ್ಚುಕಡಿಮೆ ಏನೂ ಹೇಳಲಿಲ್ಲ ಅಂತಾನೆ. ಆಮೇಲೆ ಭಾರದ ಉದಾಹರಣೆ ಕೊಡುತ್ತಾನೆ. ಕಲ್ಲು ಕೆಳಗೆ ಬೀಳುವಾಗ ಭಾರ ಅದನ್ನು ಎಳೆಯುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ, ಭಾರಕ್ಕೆ ಮೈ ಇದೆ, ಅದು ಕಲ್ಲಿಗೆ ತಾಗಿ ತಳ್ಳುತ್ತದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಮನಸ್ಸು ದೇಹವನ್ನು ಸರಿಸುವುದನ್ನೂ ಹಾಗೆ ತಿಳಿಯಿರಿ ಅಂತ.

ಎಲಿಸಬೆತ್ ಬಿಡುತ್ತಾಳಾ? ಜೂನ್‌ನಲ್ಲಿ ತಿರುಗಿ ಬರೆದಳು. ಮನೆಯ ಜವಾಬ್ದಾರಿಗಳಲ್ಲಿ ಯೋಚಿಸಲು ಪುರುಸೊತ್ತಿಲ್ಲ, ನನ್ನ ದಡ್ಡತನ ಕ್ಷಮಿಸಿ ಅಂತ ಬಹಳ ವಿನಯದಿಂದ ಶುರು ಮಾಡಿ, ಭಾರದ ಬಗ್ಗೆ ಹಾಗೆ ಯೋಚಿಸುವುದು ತಪ್ಪು ಅಂತ ನೀವೇ ತೋರಿಸಿದ್ದೀರಲ್ಲ, ಈಗ ಆ ತಪ್ಪನ್ನೇ ಆಧಾರ ಮಾಡಿಕೊಂಡು ನಾನು ಇದನ್ನು ನಂಬಬೇಕಾ ಅಂತ ಕೇಳಿದಳು. ಮೈಯಿಲ್ಲದ್ದು ಮೈಯನ್ನು ಸರಿಸುತ್ತದೆ ಅಂತ ಒಪ್ಪುವುದಕ್ಕಿಂತ ಮನಸ್ಸಿಗೇ ಒಂದು ಮೈ ಇದೆ ಅಂತ ಒಪ್ಪುವುದು ನನಗೆ ಸುಲಭ ಅಂದಳು. ಇಷ್ಟು ಗಟ್ಟಿ ಏಟು ಹಾಬ್ಸ್ ಕೂಡ ಕೊಟ್ಟಿಲ್ಲ.

ಜೂನ್ 28ರ ಉತ್ತರಕ್ಕೇ ನಾನು ಈ ಥ್ರೆಡ್ ಹಾಕಿದ್ದು. ಅಲ್ಲಿ ದೆಕಾರ್ತ್ ಹೇಳುವುದೇನೆಂದರೆ, ಮನಸ್ಸು ದೇಹ ಬೇರೆ ಅನ್ನುವುದು ಶುದ್ಧ ಬುದ್ಧಿಗೆ ಕಾಣುತ್ತದೆ. ಅವು ಒಂದಾಗಿವೆ ಅನ್ನುವುದು ಬುದ್ಧಿಗೆ ಮಸುಕಾಗಿ ಕಾಣುತ್ತದೆ, ಇಂದ್ರಿಯಗಳಿಗೆ ಬಹಳ ಸ್ಪಷ್ಟ. ತತ್ವಜ್ಞಾನದ ಕಡೆಗೆ ಹೋಗದ ಜನರಿಗೆ ಅದರಲ್ಲಿ ಅನುಮಾನವೇ ಇಲ್ಲ. ದಿನನಿತ್ಯದ ಬದುಕು, ಮಾತುಕತೆಯಿಂದ ಅದು ತಿಳಿಯುತ್ತದೆ. ನಾನು ಕೂಡ ಶುದ್ಧ ಬುದ್ಧಿಯ ಚಿಂತನೆಗೆ ಕೊಡುವುದು ವರ್ಷಕ್ಕೆ ಕೆಲವೇ ಗಂಟೆ ಅಂತಾನೆ. ಕೊನೆಗೆ, ಮನಸ್ಸಿಗೆ ಮೈ ಇದೆ ಅಂತ ತಿಳಿಯುವುದು ಸುಲಭ ಅನಿಸಿದರೆ ಧಾರಾಳವಾಗಿ ಹಾಗೇ ತಿಳಿಯಿರಿ, ಅದು ಅವೆರಡೂ ಒಂದಾಗಿವೆ ಅಂತ ತಿಳಿಯುವುದೇ ಅಂತ ಬರೆಯುತ್ತಾನೆ.

ಸ್ವಲ್ಪ ಯೋಚನೆ ಮಾಡಿ. ಮೇಣದ ತುಂಡು ಇಟ್ಟುಕೊಂಡು, ಇಂದ್ರಿಯಕ್ಕೆ ಕಂಡದ್ದು ಜ್ಞಾನವೇ ಅಲ್ಲ ಅಂದವನು. ಈಗ ಅತಿ ಮುಖ್ಯವಾದ ಒಂದು ಸತ್ಯ ಇಂದ್ರಿಯಕ್ಕೇ ಸ್ಪಷ್ಟ, ಬುದ್ಧಿಗೆ ಮಸುಕು ಅಂತಾನೆ. ಅವನ ಇಡೀ ವಿಧಾನಕ್ಕೆ ಇದು ಹೊರಗೆ. ಮುಚ್ಚಿಡಲಿಲ್ಲ, ಬರೆದ.

ಲೆಕ್ಕದ_ಮೇಷ್ಟ್ರು

ಇದನ್ನು ಪ್ರಾಮಾಣಿಕತೆ ಅಂತೀರಾ? ನನ್ನ ಕ್ಲಾಸಲ್ಲಿ ಯಾರಾದರೂ ‘ಸರ್, ಇದನ್ನು ಸಾಧಿಸಲಾಗುವುದಿಲ್ಲ, ಬದುಕಿ ನೋಡಿ ಗೊತ್ತಾಗುತ್ತೆ’ ಅಂತ ಬರೆದರೆ ನಾನು ಸೊನ್ನೆ ಹಾಕುತ್ತೇನೆ.

ಫಿಸಿಯೋ_ಅಕ್ಕ

ಮೇಷ್ಟ್ರೇ, ನಮ್ಮ ಕಡೆ ಬಂದರೆ ಅದಕ್ಕೆ ಪೂರ್ತಿ ಅಂಕ. ಲಕ್ವ ಹೊಡೆದವರಿಗೆ ಕೈ ಎತ್ತುವುದನ್ನು ಹೇಗೆ ಹೇಳಿಕೊಡುತ್ತೇವೆ ಗೊತ್ತಾ? ‘ಭುಜದ ಸ್ನಾಯು ಬಿಗಿಮಾಡಿ’ ಅಂದರೆ ಹೆಚ್ಚಿನವರಿಗೆ ಆಗಲ್ಲ. ‘ಆ ಲೋಟ ತಗೊಳ್ಳಿ’ ಅಂದರೆ ಕೈ ಹೊರಡುತ್ತೆ.

ಹಳೇಪೇಟೆ_ಓದುಗ

ಅದೇ. ಆರನೇ ಅಧ್ಯಾಯದಲ್ಲಿ ದೆಕಾರ್ತ್ ಕೂಡ, ನಾನು ದೇಹದಲ್ಲಿರುವುದು ಹಡಗಿನಲ್ಲಿ ನಾವಿಕ ಇರುವ ಹಾಗೆ ಅಲ್ಲ ಅಂತಾನೆ. ಹಡಗಿಗೆ ಏಟು ಬಿದ್ದರೆ ನಾವಿಕ ಬಗ್ಗಿ ನೋಡಿ ತಿಳಿದುಕೊಳ್ಳಬೇಕು. ನನ್ನ ಕಾಲಿಗೆ ಏಟು ಬಿದ್ದರೆ ನೋಯುತ್ತದೆ.

ಈ ಮಾತನ್ನು ಅವನಿಂದ ಮುಂದಕ್ಕೆ ಎಳೆಸಿದವಳೂ ಎಲಿಸಬೆತ್ತೇ. 1645ರಲ್ಲಿ ಆಕೆಗೆ ಬಿಡದ ಸಣ್ಣ ಜ್ವರ, ಒಣಕೆಮ್ಮು. ಸಣ್ಣ ಜ್ವರಕ್ಕೆ ಸಾಮಾನ್ಯವಾಗಿ ದುಃಖವೇ ಕಾರಣ ಅಂತ ದೆಕಾರ್ತ್ ಬರೆದ. ಮನೆಯ ಕಷ್ಟ ಒಂದೆರಡಾ? ರಾಜ್ಯ ಹೋಗಿದೆ, ದುಡ್ಡಿಲ್ಲ, ಸೋದರಮಾವ ಇಂಗ್ಲೆಂಡಿನ ರಾಜ ಚಾರ್ಲ್ಸ್ ಅಲ್ಲಿ ಯುದ್ಧದಲ್ಲಿ ಸಿಕ್ಕಿಕೊಂಡಿದ್ದಾನೆ (1649ರಲ್ಲಿ ಅವನ ತಲೆಯನ್ನೇ ತೆಗೆದರು). ಮನಸ್ಸು ಗಟ್ಟಿ ಮಾಡಿಕೊಳ್ಳಿ, ರೋಮಿನ ತತ್ವಜ್ಞಾನಿ ಸೆನೆಕನನ್ನು ಓದೋಣ ಅಂತ ದೆಕಾರ್ತ್ ಹೇಳಿದರೆ, ನನ್ನ ದೇಹ ಮನಸ್ಸಿನ ನೋವನ್ನು ಬೇಗ ಹಿಡಿದುಕೊಳ್ಳುತ್ತದೆ, ಮನಸ್ಸು ಸರಿಹೋದ ಹಾಗೆ ತಾನೂ ಸರಿಹೋಗುವ ಶಕ್ತಿ ಅದಕ್ಕಿಲ್ಲ ಅಂತ ಆಕೆ ಉತ್ತರ ಬರೆದಳು. ಯುಕ್ತಿಯಿಂದ ಎಲ್ಲ ಗೆಲ್ಲಬಹುದು ಅನ್ನುವವರಿಗೆ ಕಾಯಿಲೆ ಬಿದ್ದವರು ಹೇಳುವ ಮಾತು ಅದು. ಅದೇ ವರ್ಷ, ಭಾವನೆಗಳು ಅಂದರೇನು ಅಂತ ವಿವರಿಸಿ ಅಂತ ಕೇಳಿದಳು. ಅಲ್ಲಿಂದಲೇ ಅವನ ಕೊನೆಯ ಪುಸ್ತಕ ಬೆಳೆಯಿತು, 1649ರ ‘ದ ಪ್ಯಾಶನ್ಸ್ ಆಫ್ ದ ಸೋಲ್’. ಪೀನಿಯಲ್ ಗ್ರಂಥಿ ವಿಸ್ತಾರವಾಗಿ ಬರುವುದೂ ಅದರಲ್ಲೇ. ಮುಂದಿನ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡ.

ಆಕೆಯನ್ನು ಬರೀ ‘ಪ್ರಶ್ನೆ ಕೇಳಿದ ರಾಜಕುಮಾರಿ’ ಅಂತ ನೋಡಬೇಡಿ. ಮೂರು ವೃತ್ತಗಳನ್ನು ತಾಗುವ ನಾಲ್ಕನೇ ವೃತ್ತದ ಲೆಕ್ಕವನ್ನು ಅವನು ಕೊಟ್ಟಾಗ ಬಿಡಿಸಿದವಳು. ಮೇಷ್ಟ್ರಿಗೆ ಗೊತ್ತು ಅದೆಂಥ ಲೆಕ್ಕ ಅಂತ.

ಲೆಕ್ಕದ_ಮೇಷ್ಟ್ರು

ಅಪೊಲೊನಿಯಸ್ ಲೆಕ್ಕ. ಬೀಜಗಣಿತದಲ್ಲಿ ಮಾಡಲು ಹೋದರೆ ಪುಟಗಟ್ಟಲೆ ಆಗುತ್ತದೆ. ಆಕೆಗೆ ನನ್ನ ನಮಸ್ಕಾರ. ದೆಕಾರ್ತ್‌ಗೆ ಸೊನ್ನೆ ಹಾಗೇ ಇರಲಿ.

ಧಾರವಾಡ_ಪೇಡೆ

ಅಲ್ರೀ, ಇಷ್ಟೆಲ್ಲ ಮಾತಾಡಿ ಸ್ಪಿನೋಜನ ಹೆಸರೇ ಎತ್ತಲಿಲ್ಲ. ಅದೇ ಹಾಲೆಂಡಿನ ತತ್ವಜ್ಞಾನಿ. 1656ರ ಜುಲೈನಲ್ಲಿ, 23ನೇ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮಾಜದಿಂದ ಬಹಿಷ್ಕಾರ ಹಾಕಿಸಿಕೊಂಡವನು. ಮಸೂರ ಉಜ್ಜಿ ಹೊಟ್ಟೆ ಹೊರೆದ. ‘ಎಥಿಕ್ಸ್’ ಅಚ್ಚಾದದ್ದು 1677ರಲ್ಲಿ, ಅವನು ಸತ್ತ ಮೇಲೆ.

ಐದನೇ ಭಾಗದ ಮುನ್ನುಡಿಯಲ್ಲಿ ಪೀನಿಯಲ್ ಗ್ರಂಥಿಯ ಕಥೆಯನ್ನು ಅವನು ಹರಿದು ಹಂಚುತ್ತಾನೆ. ಸ್ಪಷ್ಟವಾಗಿ ಕಂಡದ್ದನ್ನಷ್ಟೇ ಒಪ್ಪುತ್ತೇನೆ ಅಂತ ಶಪಥ ಮಾಡಿದ ಮನುಷ್ಯ, ಹಳೆಯ ಪಂಡಿತರು ಗೂಢ ಗುಣಗಳ ಮಾತಾಡುತ್ತಾರೆ ಅಂತ ಬೈದವನು, ಅವೆಲ್ಲಕ್ಕಿಂತ ಗೂಢವಾದ ಕಲ್ಪನೆ ಹೇಗೆ ಮಾಡಿದ ಅಂತ ಆಶ್ಚರ್ಯಪಡುತ್ತಾನೆ.

ಅವನ ಪರಿಹಾರ ಇಷ್ಟು. ಮನಸ್ಸು ದೇಹವನ್ನು ತಳ್ಳುವುದೇ ಇಲ್ಲ, ದೇಹ ಮನಸ್ಸನ್ನೂ ತಳ್ಳುವುದಿಲ್ಲ. ಯಾಕೆಂದರೆ ಎರಡಿಲ್ಲ. ಇರುವುದು ಒಂದೇ, ಒಂದು ಕಡೆಯಿಂದ ನೋಡಿದರೆ ಯೋಚನೆ, ಇನ್ನೊಂದು ಕಡೆಯಿಂದ ನೋಡಿದರೆ ದೇಹ. ಎಲಿಸಬೆತ್ ಪ್ರಶ್ನೆ ಹುಟ್ಟುವುದೇ ಇಲ್ಲ.

ಬೈಟು_ಕಾಫಿ

ಇದು ನನಗೆ ಇಷ್ಟ ಆಯ್ತು. ಹಾಗಾದರೆ ಮಿಷನ್ ಕೂಡ ಯೋಚಿಸಬಹುದು ಅಂತಾಯ್ತಲ್ಲ? ಚಾಟ್‌ಬಾಟ್ ಬಗ್ಗೆ ದೆಕಾರ್ತ್ ಏನನ್ನುತ್ತಿದ್ದನೋ.

ಹಳೇಪೇಟೆ_ಓದುಗ

ಅವನು ಅದನ್ನೂ ಬರೆದಿದ್ದಾನೆ, ‘ಡಿಸ್ಕೋರ್ಸ್’ ಐದನೇ ಭಾಗದಲ್ಲಿ. ಮಾತಾಡುವ ಯಂತ್ರ ಮಾಡಬಹುದು, ಒಂದು ಕಡೆ ಮುಟ್ಟಿದರೆ ‘ಏನು ಬೇಕು’ ಅನ್ನಬಹುದು, ಇನ್ನೊಂದು ಕಡೆ ಮುಟ್ಟಿದರೆ ‘ಅಯ್ಯೋ ನೋವು’ ಅನ್ನಬಹುದು. ಆದರೆ ಎದುರಿನವರು ಏನೇ ಹೇಳಲಿ, ಅದರ ಅರ್ಥಕ್ಕೆ ತಕ್ಕ ಹಾಗೆ ಮಾತು ಜೋಡಿಸಿ ಉತ್ತರ ಕೊಡಲು ಯಂತ್ರಕ್ಕೆ ಆಗುವುದಿಲ್ಲ, ಅತಿ ದಡ್ಡ ಮನುಷ್ಯನಿಗೂ ಅದು ಆಗುತ್ತದೆ ಅಂತ ಹೇಳಿದ. ಅದೇ ಅವನ ಪರೀಕ್ಷೆ. ಈಗಿನ ಯಂತ್ರಗಳು ಆ ಪರೀಕ್ಷೆ ಹೆಚ್ಚುಕಡಿಮೆ ಪಾಸ್ ಮಾಡಿವೆ. ಅಂದರೆ ಒಂದೋ ಅವುಗಳಿಗೆ ಮನಸ್ಸಿದೆ, ಇಲ್ಲವೇ ಪರೀಕ್ಷೆಯೇ ಸರಿಯಿಲ್ಲ. ನಾನು ಎರಡನೆಯದರ ಕಡೆ. ಜರ್ಮನ್ ತತ್ವಜ್ಞಾನಿ ಲೈಬ್ನಿಜ್ 1714ರಲ್ಲಿ ಹೇಳಿದ ಗಿರಣಿಯ ಮಾತು ನನಗೆ ಸರಿ ಕಾಣುತ್ತದೆ. ಯೋಚಿಸುವ ಯಂತ್ರವನ್ನು ಗಿರಣಿಯಷ್ಟು ದೊಡ್ಡದು ಮಾಡಿ ಒಳಗೆ ಹೋಗಿ ನೋಡಿ. ಒಂದನ್ನೊಂದು ತಳ್ಳುವ ಭಾಗಗಳು ಕಾಣುತ್ತವೆ, ಅನಿಸಿಕೆ ಅನ್ನುವುದು ಎಲ್ಲೂ ಕಾಣುವುದಿಲ್ಲ.

ಲೆಕ್ಕದ_ಮೇಷ್ಟ್ರು

ಮಿದುಳಿನ ಒಳಗೆ ಹೋದರೂ ಕಾಣುವುದಿಲ್ಲ, ಅದಕ್ಕೇನು ಹೇಳುತ್ತೀರಿ? ಗಿರಣಿ ವಾದವೂ ಆ ತ್ರಿಕೋನದ ಹುಡುಗನದೇ. ‘ನನಗೆ ಕಾಣಲಿಲ್ಲ, ಆದ್ದರಿಂದ ಇಲ್ಲ.’

ಪೇಡೆಯವರೇ, ಸ್ಪಿನೋಜ ಬಗ್ಗೆ ಒಂದು ಕೇಳಬೇಕು. ಎಲ್ಲ ದೇಹಕ್ಕೂ ಒಂದು ಯೋಚನೆಯ ಕಡೆ ಇದೆ ಅಂದರೆ ನನ್ನ ಮುಂದಿರುವ ಡಸ್ಟರ್‌ಗೂ ಮನಸ್ಸಿದೆಯಾ?

ಧಾರವಾಡ_ಪೇಡೆ

ಅವನು ಹೌದು ಅಂತಾನ. ಎಲ್ಲ ವಸ್ತುವಿಗೂ ಜೀವ ಅದ, ಆದರೆ ಬೇರೆ ಬೇರೆ ಮಟ್ಟದಲ್ಲಿ ಅಂತ ಎರಡನೇ ಭಾಗದಲ್ಲಿ ಬರೆದಾನ. ದೇಹ ಎಷ್ಟು ಬಗೆಯ ಕೆಲಸ ಮಾಡಬಲ್ಲದೋ ಮನಸ್ಸು ಅಷ್ಟು ಸಮರ್ಥ. ಡಸ್ಟರ್ ಮಾಡುವ ಕೆಲಸ ಎಷ್ಟು, ನೀವೇ ಹೇಳ್ರಿ.

ಲೆಕ್ಕದ_ಮೇಷ್ಟ್ರು

ಒಂದು ಪ್ರಶ್ನೆ ತಪ್ಪಿಸಿಕೊಳ್ಳಲು ಡಸ್ಟರ್‌ಗೂ ಮನಸ್ಸು ಕೊಡಬೇಕು ಅಂದರೆ ಬೆಲೆ ಸ್ವಲ್ಪ ಜಾಸ್ತಿ ಆಯಿತು.

ಫಿಸಿಯೋ_ಅಕ್ಕ

ಡಸ್ಟರ್ ವಿಷಯ ನನಗೆ ಬೇಡ. ಆ ಕಾಗದಗಳನ್ನು ಓದಬೇಕು ಅನಿಸಿದೆ, ಎಲ್ಲಿಂದ ಶುರು ಮಾಡಲಿ?

ಹಳೇಪೇಟೆ_ಓದುಗ

ನಿಮಗಾದರೆ ನೇರ 1645ರ ಮೇ ತಿಂಗಳಿಂದ, ಜ್ವರದ ಕಾಗದಗಳಿಂದ. 1643ರದ್ದನ್ನು ಆಮೇಲೆ ಓದಿ. ‘ಮೆಡಿಟೇಷನ್ಸ್’ ಪೂರ್ತಿ ಬೇಕಾಗಿಲ್ಲ, ಎರಡನೆಯದು ಮತ್ತು ಆರನೆಯದು ಸಾಕು. ಬೇಗ ಮುಗಿಯುತ್ತವೆ.

ಲೆಕ್ಕದ_ಮೇಷ್ಟ್ರು

ಜೊತೆಗೆ ಆರ್ನೋನ ಆಕ್ಷೇಪಣೆ. ಅದನ್ನು ಬಿಟ್ಟು ಆರನೆಯದನ್ನು ಓದಬೇಡಿ, ಒಪ್ಪಿಬಿಡುತ್ತೀರಿ.